25 ಸಾವಿರದೊಳಗೆ ಹಗುರವಾದ ಪುಟ್ಟ ಲ್ಯಾಪ್‌ಟಾಪ್: ಯಾವುದನ್ನು ತಗೋಬೇಕು, ಯಾವುದನ್ನು ಬಿಡಬೇಕು

ಅಕ್ಕನ ಮಗಳು ಹಾಸನದಿಂದ ಬಂದು ಬೆಂಗಳೂರಿನ ವಿಜಯನಗರದ ಒಂದು ಪಿಜಿಯಲ್ಲಿದ್ದಾಳೆ. ಕೆಎಎಸ್‌ಗೆ ಓದುತ್ತಿದ್ದಾಳೆ. ಬೆಳಿಗ್ಗೆ ಕೋಚಿಂಗ್, ಆಮೇಲೆ ಹಂಪಿನಗರದ ಲೈಬ್ರರಿ, ಕತ್ತಲಾದ ಮೇಲೆ ಪಿಜಿ. ಬ್ಯಾಗಿನಲ್ಲಿ ಮೂರು ದಪ್ಪ ಪುಸ್ತಕ, ನೋಟ್ಸು, ಊಟದ ಡಬ್ಬಿ, ನೀರಿನ ಬಾಟ್ಲಿ, ಇವುಗಳ ಜೊತೆಗೆ ಅವರಪ್ಪ ಕೊಟ್ಟ ಹಳೇ 15 ಇಂಚಿನ ಲ್ಯಾಪ್‌ಟಾಪ್. ಹೋದ ತಿಂಗಳು ಫೋನ್ ಮಾಡಿ, "ಮಾವ, ಭುಜ ಬಿದ್ದೋಗ್ತಿದೆ. 25 ಸಾವಿರದೊಳಗೆ ಹಗುರ ಇರೋದು ಯಾವುದಾದ್ರೂ ಇದ್ರೆ ಹೇಳಿ" ಅಂದಳು.

ಇಂಥ ಸಣ್ಣ ಮೆಷಿನ್ನುಗಳ ಜೊತೆ ನನಗೆ ಹಳೇ ನಂಟು. ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಅದಕ್ಕೇ ಈ ಸಲ ಸುಮ್ನೆ ಒಂದು ಹೆಸರು ಹೇಳಿ ಫೋನ್ ಇಡಲಿಲ್ಲ. ಹದಿನೈದು ದಿನ ಹುಡುಕಿದೆವು, ಎರಡು ಶನಿವಾರ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್.ಪಿ. ರೋಡಿನಲ್ಲಿ ಕಳೆದೆವು, ನಡುವೆ ಒಂದೆರಡು ಸಲ ಜಗಳವನ್ನೂ ಆಡಿದೆವು. ಅದರಲ್ಲಿ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗೇಮ್ ಆಡುವವರು, ವಿಡಿಯೊ ಎಡಿಟ್ ಮಾಡುವವರು ಇಲ್ಲಿಗೇ ನಿಲ್ಲಿಸಬಹುದು. ಈ ದುಡ್ಡಿಗೆ, ಈ ತೂಕದಲ್ಲಿ, ಅದು ಆಗದ ಮಾತು.

ನನ್ನ ಲೆಕ್ಕ ಒಂದೇ. ಆಮೇಲೆ ಬದಲಾಯಿಸಲು ಆಗದ್ದನ್ನು ಮೊದಲು ನೋಡಿ. ಪ್ರೊಸೆಸರ್ ಹೆಸರು, ಬಣ್ಣ, ಬ್ಯಾಂಕ್ ಕಾರ್ಡಿನ ಆಫರ್ ಎಲ್ಲ ಆಮೇಲೆ.

ನೆಟ್‌ಬುಕ್ ಅಂತ ಒಂದಿತ್ತು

ಈಗ ಆ ಹೆಸರನ್ನು ಯಾರೂ ಹೇಳುವುದಿಲ್ಲ, ಆದರೆ ನಾವು ಹುಡುಕುತ್ತಿರುವುದು ಅದನ್ನೇ. 2007ರಲ್ಲಿ ಏಸುಸ್ ಕಂಪನಿ ಈ-ಪಿಸಿ 701 ಅಂತ ಒಂದು ಪುಟಾಣಿ ಮೆಷಿನ್ ಬಿಟ್ಟಿತು. 7 ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಸ್ಟೋರೇಜ್, ಒಳಗೆ ವಿಂಡೋಸ್ ಬದಲು ಲಿನಕ್ಸ್, ತೂಕ ಒಂದು ಕೆಜಿಗಿಂತ ಕಮ್ಮಿ. ಮಾರನೇ ವರ್ಷ ಇಂಟೆಲ್‌ನವರು ಆಟಮ್ ಪ್ರೊಸೆಸರ್ ತಂದರು. ಅಲ್ಲಿಂದ ಪ್ರತಿ ಕಂಪನಿಯದ್ದೂ ಒಂದೊಂದು ನೆಟ್‌ಬುಕ್. ಬಹುತೇಕ ಎಲ್ಲದರದ್ದೂ ಅದೇ 10 ಇಂಚು, ಅದೇ 1024×600 ಚುಕ್ಕಿಗಳ ಪರದೆ, ಅದೇ 1 ಜಿಬಿ ರ‍್ಯಾಮ್. 2010ರಲ್ಲಿ ಟ್ಯಾಬ್ಲೆಟ್ಟುಗಳ ಹುಚ್ಚು ಶುರುವಾದ ಮೇಲೆ ಎರಡು ಮೂರು ವರ್ಷದಲ್ಲಿ ಇವೆಲ್ಲ ಅಂಗಡಿಯಿಂದ ಮಾಯವಾದವು.

ಅಂದಹಾಗೆ ಅಗ್ಗದ ಕಂಪ್ಯೂಟರಿನ ಕನಸು ನಮ್ಮೂರಿಗೆ ಹೊಸದಲ್ಲ. ಅದಕ್ಕೂ ಮುಂಚೆಯೇ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಐಐಎಸ್‌ಸಿಯ, ಕೆಲವು ಮೇಷ್ಟ್ರುಗಳು ಸೇರಿ ಸಿಂಪ್ಯೂಟರ್ ಅಂತ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡಿದ್ದರು. ಲಿನಕ್ಸ್ ಮೇಲೆ ಓಡುತ್ತಿತ್ತು. 2004ರಲ್ಲಿ ಬಿಇಎಲ್ ಜೊತೆ ಸೇರಿ ಅದನ್ನು ಮಾರಾಟಕ್ಕೂ ಬಿಟ್ಟರು. ಓಡಲಿಲ್ಲ. ಅದು ಬೇರೆಯೇ ಕತೆ, ಇನ್ನೊಂದು ದಿನ ಹೇಳುತ್ತೇನೆ.

ನಾನು 2009ರಲ್ಲಿ ಒಂದು 10 ಇಂಚಿನ ನೆಟ್‌ಬುಕ್ ತಗೊಂಡಿದ್ದೆ. ಪ್ರೂಫ್ ನೋಡುವುದು ನನ್ನ ಕೆಲಸ. ಬಸ್ಸಿನಲ್ಲಿ ಕೂತು ನೋಡಬಹುದು ಅನ್ನೋ ಆಸೆ. ಮೆಷಿನ್ ನಿಧಾನ ಅನ್ನೋದು ಗೊತ್ತಿದ್ದೇ ತಗೊಂಡಿದ್ದು, ಅದು ಅಷ್ಟು ಕಾಡಲಿಲ್ಲ. ಕಾಡಿದ್ದು ಪರದೆಯ ಎತ್ತರ. ಯಾವುದೋ ಸೆಟ್ಟಿಂಗ್ ಬದಲಾಯಿಸೋಣ ಅಂತ ಒಂದು ಕಿಟಕಿ ತೆಗೆದರೆ ಅದರ ಕೆಳಗಿನ 'ಓಕೆ' ಬಟನ್ ಪರದೆಯಿಂದ ಆಚೆ ಇರುತ್ತಿತ್ತು. ಟ್ಯಾಬ್ ಕೀಯನ್ನು ಎಣಿಸಿಕೊಂಡು ನಾಲ್ಕು ಸಲ ಒತ್ತಿ, ಇಲ್ಲೇ ಇರಬೇಕು ಅಂತ ಅಂದಾಜಿನ ಮೇಲೆ ಎಂಟರ್ ಹೊಡೆಯೋದು. ಎಷ್ಟೋ ಸಲ ಅದು 'ಕ್ಯಾನ್ಸಲ್' ಆಗಿರುತ್ತಿತ್ತು. ಪ್ರೊಸೆಸರನ್ನು ಹೇಗೋ ಸಹಿಸಿಕೊಳ್ಳಬಹುದು, ಪರದೆಯನ್ನು ಆಗೋದಿಲ್ಲ ಅನ್ನೋದು ಆಗ ಕಲಿತದ್ದು.

ತೂಕವನ್ನು ತಕ್ಕಡಿಯಲ್ಲೇ ನೋಡಿ

ಬಾಕ್ಸಿನ ಮೇಲೆ ಬರೆದ ತೂಕ ಚಾರ್ಜರ್ ಬಿಟ್ಟು ಬರೆದದ್ದು. ನಾವು ಹೊರುವುದು ಎರಡನ್ನೂ. ಪಿಜಿ ಕೆಳಗಿನ ದಿನಸಿ ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಅವಳ ಹಳೇ ಲ್ಯಾಪ್‌ಟಾಪ್ ಇಟ್ಟು ನೋಡಿದೆವು. 2 ಕೆಜಿ 240 ಗ್ರಾಂ. ಚಾರ್ಜರ್ ಮತ್ತು ಅದರ ದಪ್ಪ ವೈರು ಸೇರಿಸಿದಾಗ 2 ಕೆಜಿ 700 ದಾಟಿತು. ಅಂಗಡಿಯವರು, "ಮೇಡಂ, ಎರಡೂಮುಕ್ಕಾಲು ಕೆಜಿ ಅಕ್ಕಿ ಆಯ್ತಲ್ಲ" ಅಂತ ನಕ್ಕರು.

ಹಾಗಾಗಿ ಮೆಷಿನ್ 1.3 ಕೆಜಿ ಒಳಗೆ ಇರಬೇಕು, ಟೈಪ್-ಸಿ ಚಾರ್ಜಿಂಗ್ ಇರಬೇಕು. ಎರಡನೆಯದನ್ನು ಜನ ಅಷ್ಟಾಗಿ ನೋಡುವುದಿಲ್ಲ. ಟೈಪ್-ಸಿ ಇದ್ದರೆ ಚಾರ್ಜರ್ ಚಿಕ್ಕದು, ಕೆಟ್ಟುಹೋದರೆ ಎಲ್ಲಿ ಬೇಕಾದರೂ ಸಿಗುತ್ತದೆ, 45 ಅಥವಾ 65 ವಾಟಿನ ಒಂದರಲ್ಲೇ ಫೋನನ್ನೂ ಚಾರ್ಜ್ ಮಾಡಿಕೊಳ್ಳಬಹುದು. ಆದರೆ ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆ ಅಂತಲ್ಲ. ಕೆಲವು ಅಗ್ಗದ ಮಾಡೆಲಿನಲ್ಲಿ ಅದು ಪೆನ್‌ಡ್ರೈವ್ ಹಾಕೋಕೆ ಮಾತ್ರ, ಚಾರ್ಜಿಂಗಿಗೆ ಪಕ್ಕದಲ್ಲಿ ದುಂಡು ಪಿನ್ನು ಇರುತ್ತದೆ. ಕೇಳಿ ಖಚಿತ ಮಾಡಿಕೊಳ್ಳಿ.

ಬ್ಯಾಟರಿ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. 'ಹತ್ತು ಗಂಟೆ ಬರುತ್ತೆ' ಅನ್ನೋದನ್ನು ನಂಬಬೇಡಿ, ಎಷ್ಟು ವಾಟ್-ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನೋದರ ಅಳತೆ) ಅಂತ ನೋಡಿ. 38 ವಾಟ್-ಅವರ್ ಬ್ಯಾಟರಿ ಇದ್ದು, ಪರದೆ ವೈಫೈ ಎಲ್ಲ ಸೇರಿ 6–7 ವಾಟ್ ಎಳೆದರೆ ಸುಮಾರು ಐದೂವರೆಯಿಂದ ಆರೂಕಾಲು ಗಂಟೆ. ಭಾಗಾಕಾರ ಅಷ್ಟೇ.

ಬೆಸುಗೆ ಹಾಕಿದ್ದು ಬದಲಾಗೋದಿಲ್ಲ

ಅಗ್ಗದ ಹೊಸ ವಿಂಡೋಸ್ ಲ್ಯಾಪ್‌ಟಾಪುಗಳ ಒಳಗೆ ಏನಿರುತ್ತದೆ ನೋಡಿ. ಸೆಲೆರಾನ್ ಎನ್4020 ಅಥವಾ ಎನ್4500 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ಈ ಕೊನೆಯ ಎರಡು ಬಹಳ ಮಾಡೆಲ್‌ಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿದವು. ನಾಳೆ ಸಾಲದು ಅನ್ನಿಸಿದರೆ ಹೆಚ್ಚಿಸಲು ದಾರಿಯಿಲ್ಲ.

ಇಎಂಎಂಸಿ ಅಂದರೆ ಮೊಬೈಲಿನಲ್ಲಿ ಇರೋ ಥರದ ಸ್ಟೋರೇಜ್ ಚಿಪ್. ಹಳೇ ತಿರುಗೋ ಹಾರ್ಡ್‌ಡಿಸ್ಕಿಗಿಂತ ವಾಸಿ, ಆದರೆ ಎಸ್‌ಎಸ್‌ಡಿ, ಅಂದರೆ ಕಂಪ್ಯೂಟರಿಗೆ ಅಂತ ಮಾಡಿದ ವೇಗದ ಸ್ಟೋರೇಜ್, ಅಲ್ಲ. ಇಎಂಎಂಸಿ 5.1ರ ದಾರಿಯೇ ಸೆಕೆಂಡಿಗೆ 400 ಎಂಬಿಯಷ್ಟು ಅಗಲ, ಅದರಲ್ಲೂ ಬರೆಯುವಾಗ ಇನ್ನೂ ನಿಧಾನ. ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ 500 ದಾಟುತ್ತದೆ, ಹೊಸ ಬಗೆಯ ಎನ್‌ವಿಎಂಇ ಆದರೆ ಸಾವಿರಗಳ ಲೆಕ್ಕ. ಅಂಗಡಿಯವರು ಎರಡನ್ನೂ 'ಎಸ್‌ಎಸ್‌ಡಿ ಸರ್' ಅಂತಲೇ ಹೇಳಿಬಿಡುತ್ತಾರೆ. ಬಾಕ್ಸ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ.

ಜಾಗದ ಲೆಕ್ಕವೂ ಹಾಗೇ. 64 ಜಿಬಿ ಅಂತ ಮಾರಿದ್ದು ವಿಂಡೋಸ್ ಒಳಗೆ 58ರ ಆಸುಪಾಸು ಕಾಣುತ್ತದೆ. ವಿಂಡೋಸ್ ಸುಮ್ನೆ ಕೂತಿರೋಕೇ 20 ಜಿಬಿಗಿಂತ ಜಾಸ್ತಿ ತಿನ್ನುತ್ತದೆ. ಮೇಲೆ ಅಪ್‌ಡೇಟ್ ಬಂದಾಗ ಬಿಚ್ಚಿ ಹರಡಿಕೊಳ್ಳೋಕೆ ಅದಕ್ಕೆ ಇನ್ನಷ್ಟು ಖಾಲಿ ಜಾಗ ಬೇಕು.

ಇದು ನಾನು ಎರಡನೇ ಸಲ ಕೈ ಸುಟ್ಟುಕೊಂಡ ವಿಷಯ. 2018ರಲ್ಲಿ 11 ಇಂಚಿನ, ನೋಡೋಕೆ ಬಹಳ ಮುದ್ದಾದ ಒಂದು ಮೆಷಿನ್ ತಗೊಂಡೆ. ಕಂಪನಿ ಹೆಸರು ಬೇಡ. 32 ಜಿಬಿ ಇಎಂಎಂಸಿ, ಅದರ ಮೇಲೆ ಪೂರ್ತಿ ವಿಂಡೋಸ್ 10. ಮೂಗಿಗಿಂತ ಮೂಗುತಿ ಭಾರ. ಎಂಟು ತಿಂಗಳಲ್ಲಿ ಸಿ ಡ್ರೈವಿನ ಪಟ್ಟಿ ಕೆಂಪಾಯಿತು. ಒಂದು ದೀಪಾವಳಿ ವಿಶೇಷಾಂಕದ ಪ್ರೂಫ್ ಮಾರನೇ ದಿನ ಬೆಳಿಗ್ಗೆ ಕೊಡಬೇಕಿತ್ತು. ರಾತ್ರಿ ಹತ್ತೂವರೆಗೆ ಅದು ಅಪ್‌ಡೇಟ್ ಮಾಡುತ್ತೇನೆ ಅಂತ ಕೂತಿತು. ಅರ್ಧ ಮಾಡಿ, ಜಾಗ ಇಲ್ಲ ಅಂತ ವಾಪಸ್ ಬಿಚ್ಚಿ, ಮತ್ತೆ ಚಾಲೂ ಆಗಿ, ಮತ್ತೆ ಅದೇ. ನೀಲಿ ಪರದೆ ಮೇಲೆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇದ್ದವು. ಒಂದೂವರೆಗೆ ಕೈ ಬಿಟ್ಟು, ಪಕ್ಕದ ಮನೆ ಹುಡುಗನನ್ನು ಎಬ್ಬಿಸಿ ಅವನ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಗಿಸಿದೆ. ಆಮೇಲೆ ಪೆನ್‌ಡ್ರೈವ್ ಸಿಕ್ಕಿಸಿ ಅಪ್‌ಡೇಟ್ ಮಾಡಿದರೆ ಆಗುತ್ತದೆ ಅಂತ ಗೊತ್ತಾಯಿತು. ಗೊತ್ತಾಗಿ ಏನು ಬಂತು, ಅಲ್ವಾ? ಮೆಮೊರಿ ಕಾರ್ಡ್ ಹಾಕಿಕೊಳ್ಳಿ ಅಂತ ಹೇಳುವವರೂ ಇದ್ದಾರೆ. ಕಾರ್ಡಿನಲ್ಲಿ ಪಿಡಿಎಫ್, ಸಿನಿಮಾ ಇಡಬಹುದು. ವಿಂಡೋಸಿನ ಹೊಟ್ಟೆ ಅದರಿಂದ ತುಂಬುವುದಿಲ್ಲ.

ಈ ಬಗೆಯಲ್ಲಿ ತಗೊಳ್ಳಲೇಬೇಕು ಅಂದರೆ 8 ಜಿಬಿ ರ‍್ಯಾಮ್, 128ಕ್ಕೆ ಕಮ್ಮಿ ಇಲ್ಲದ ಸ್ಟೋರೇಜ್, ಆದಷ್ಟೂ ಎಸ್‌ಎಸ್‌ಡಿ. ಪ್ರೊಸೆಸರ್ 2023ರಲ್ಲಿ ಬಂದ ಇಂಟೆಲ್ ಎನ್100 ಸಿಕ್ಕಿದರೆ ಒಳ್ಳೇದು. ನಾಲ್ಕು ಕೋರ್ ಇದೆ, ಕರೆಂಟ್ ಕಮ್ಮಿ ಎಳೆಯುತ್ತದೆ, ಯೂಟ್ಯೂಬ್ ಸಲೀಸಾಗಿ ಓಡುತ್ತದೆ. ಎನ್4020ರಲ್ಲಿ ಎರಡೇ ಕೋರ್. ಒಂದು ಕಡೆ ಆನ್‌ಲೈನ್ ಕ್ಲಾಸು, ಇನ್ನೊಂದು ಕಡೆ ಪಿಡಿಎಫ್ ತೆಗೆದರೆ ಏದುಸಿರು ಬಿಡುತ್ತದೆ. ಪ್ರೊಸೆಸರ್ ಬಗ್ಗೆ ಇಷ್ಟು ಸಾಕು.

ಒತ್ತಕ್ಷರ ಕಾಣಬೇಕು

ಪರದೆ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಹೇಳದ ಒಂದು ಮಾತಿದೆ. ಇಂಗ್ಲಿಷ್ ಅಕ್ಷರ ಒಂದೇ ಸಾಲಿನಲ್ಲಿ ಕೂರುತ್ತವೆ. ನಮ್ಮದು ಹಾಗಲ್ಲ, ಕೆಳಗೆ ಒತ್ತು, ಒತ್ತಿನ ಪಕ್ಕ ಇನ್ನೊಂದು ಒತ್ತು. ಮೊದಲ ಶನಿವಾರ ಒಂದು ಅಂಗಡಿಯಲ್ಲಿ 1366×768 ಪರದೆಯ ಮೆಷಿನ್ ಮುಂದೆ ಅವಳನ್ನು ಕೂರಿಸಿ 'ರಾಷ್ಟ್ರೀಯ', 'ಸಾಮರ್ಥ್ಯ', 'ಲಕ್ಷ್ಯ' ಅಂತ ಟೈಪ್ ಮಾಡಿಸಿದೆ. ಅಕ್ಷರದ ಗಾತ್ರ 11. 'ಷ್ಟ್ರ'ದ ಕೆಳಗೆ ಟ ಒತ್ತು ಯಾವುದು, ರ ಒತ್ತು ಯಾವುದು ಅಂತ ಗೊತ್ತಾಗದ ಹಾಗೆ ಬೂದು ಬಣ್ಣದ ಒಂದು ಉಂಡೆ. ಪಕ್ಕದ 1920×1080 ಮೆಷಿನ್ನಿನಲ್ಲಿ ಅದೇ ಪದ, ಅದೇ ಗಾತ್ರ: ಟ ಬೇರೆ, ರ ಬೇರೆ, ಮುದ್ರಣದ ಹಾಗೆ. ಅವಳು ಮುಖವನ್ನು ಪರದೆ ಹತ್ತಿರ ಒಯ್ದು, ಹಿಂದೆ ತಂದು, ಮತ್ತೆ ಒಯ್ದು, "ಇದಕ್ಕೇ ನನಗೆ ತಲೆನೋವು ಬರ್ತಿತ್ತಾ!" ಅಂದಳು. ಅವರಪ್ಪನ ಹಳೇ ಲ್ಯಾಪ್‌ಟಾಪಿನದ್ದೂ 1366ರದ್ದೇ.

ದಿನಕ್ಕೆ ಆರು ಗಂಟೆ ಕನ್ನಡ ಪಿಡಿಎಫ್ ಓದುವವರು 1080 ಪರದೆಗೇ ಹೋಗಿ. ಜೊತೆಗೆ ಅದು ಐಪಿಎಸ್ ಆಗಿರಲಿ, ಅಂದರೆ ಓರೆಯಿಂದ ನೋಡಿದರೂ ಬಣ್ಣ ಕೆಡದ ಬಗೆಯದ್ದು. ಅಗ್ಗದ ಬಗೆಯ ಟಿಎನ್ ಪರದೆ ಹೇಗೆ ಪತ್ತೆ ಮಾಡೋದು? ಎದುರಿಗೆ ನಿಂತು ಪರದೆಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಿ. ಬಣ್ಣ ಮಾಸಿ, ಕಪ್ಪು ಬಿಳಿಯಾಗಿ, ನೆಗೆಟಿವ್ ಫೋಟೋ ಥರ ಕಂಡರೆ ಅದು ಟಿಎನ್.

ಕ್ರೋಮ್‌ಬುಕ್, ಆಂಡ್ರಾಯ್ಡ್‌ಬುಕ್, ಟ್ಯಾಬು

ನಿಜ ಹೇಳಬೇಕೆಂದರೆ ಮೊದಲು ನಾನು ಕ್ರೋಮ್‌ಬುಕ್ಕಿಗೇ ಮನಸ್ಸು ಮಾಡಿದ್ದೆ. ಅದರಲ್ಲಿರುವುದು ಗೂಗಲ್‌ನ ಕ್ರೋಮ್ ಓಎಸ್, ಬ್ರೌಸರ್ ಸುತ್ತಲೇ ಕಟ್ಟಿದ್ದು. ವಿಂಡೋಸ್ ಉಸಿರುಗಟ್ಟುವ 4 ಜಿಬಿಯಲ್ಲಿ ಇದು ನಡೆದಾಡುತ್ತದೆ, 8 ಇದ್ದರೆ ಓಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಆನ್ ಆಗುತ್ತದೆ. ವೈರಸ್ ತಲೆಬಿಸಿ ಬಹಳ ಕಮ್ಮಿ. 11 ಇಂಚಿನವು 1.1ರಿಂದ 1.3 ಕೆಜಿ. ಹೆಚ್ಚಿನವು ಟೈಪ್-ಸಿ ಚಾರ್ಜಿಂಗೇ. ಕನ್ನಡ ಕೀಬೋರ್ಡ್ ಸೆಟ್ಟಿಂಗಿನಲ್ಲೇ ಸಿಗುತ್ತದೆ. 2023ರ ಅಕ್ಟೋಬರಿನಿಂದ ಎಚ್‌ಪಿಯವರು ಚೆನ್ನೈ ಹತ್ತಿರವೇ ಇವನ್ನು ತಯಾರಿಸುತ್ತಿದ್ದಾರೆ.

ಕ್ರೋಮ್‌ಬುಕ್ಕಿನಲ್ಲಿ ಬೆಸುಗೆ ಹಾಕಿದ ಹಾಗೆ ಇರುವ ಇನ್ನೊಂದು ಸಂಗತಿ ಅದರ ಆಯಸ್ಸು. ಪ್ರತಿ ಮಾಡೆಲಿಗೂ ಅಪ್‌ಡೇಟ್ ನಿಲ್ಲುವ ದಿನ ಮೊದಲೇ ಬರೆದಿಟ್ಟಿರುತ್ತದೆ. 2021ರಿಂದ ಈಚಿನವಕ್ಕೆ 10 ವರ್ಷ ಕೊಡುತ್ತೇವೆ ಅಂತ ಗೂಗಲ್ 2023ರಲ್ಲಿ ಹೇಳಿದೆ. ಆದರೆ ಆ ಹತ್ತು ವರ್ಷ ನೀವು ಕೊಂಡ ದಿನದಿಂದ ಅಲ್ಲ, ಆ ಮಾಡೆಲಿನ ಪ್ಲಾಟ್‌ಫಾರ್ಮ್, ಅಂದರೆ ಮೂಲ ವಿನ್ಯಾಸ, ಮಾರುಕಟ್ಟೆಗೆ ಬಂದಾಗಿನಿಂದ. ಸೇಲಿನಲ್ಲಿ ಕಾಣುವ ಅರ್ಧ ಬೆಲೆಯ ಕ್ರೋಮ್‌ಬುಕ್ ಎಷ್ಟು ವರ್ಷ ತಿಂದು ಕೂತಿದೆಯೋ! ಸೆಟ್ಟಿಂಗ್ಸ್ ಒಳಗೆ 'ಅಬೌಟ್ ಕ್ರೋಮ್ ಓಎಸ್'ಗೆ ಹೋದರೆ ಅಪ್‌ಡೇಟ್ ಎಲ್ಲಿಯವರೆಗೆ ಅಂತ ತೋರಿಸುತ್ತದೆ. ಸೆಕೆಂಡ್ ಹ್ಯಾಂಡ್ ಕ್ರೋಮ್‌ಬುಕ್ ತಗೊಳ್ಳುವ ಮುಂಚೆ ಇದನ್ನು ನೋಡದೇ ದುಡ್ಡು ಕೊಡಲೇಬೇಡಿ.

ಬ್ರೌಸರಿನಲ್ಲೇ ದಿನ ಕಳೆಯುವವರಿಗೆ, ಮನೆಯಲ್ಲಿ ಹಿರಿಯರಿಗೆ, ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ತಂಟೆಯಿಲ್ಲದ್ದು ಸಿಗೋದು ಕಷ್ಟ. ಇಂಟರ್‌ನೆಟ್ ಇಲ್ಲದಾಗ ಪೂರ್ತಿ ಕಲ್ಲಾಗಿಬಿಡುತ್ತದೆ ಅನ್ನೋದು ಸುಳ್ಳು, ಇಳಿಸಿಟ್ಟ ಪಿಡಿಎಫ್ ಓದಬಹುದು, ಗೂಗಲ್ ಡಾಕ್ಸನ್ನು ಆಫ್‌ಲೈನ್ ಮಾಡಿಟ್ಟುಕೊಂಡರೆ ಬರೆಯಬಹುದು. ಆದರೆ ವಿಂಡೋಸ್ ಸಾಫ್ಟ್‌ವೇರ್ ಒಂದೇ ಒಂದು ಬೇಕಿದ್ದರೂ ಇದು ನಿಮಗಲ್ಲ. ಮನೆಯಿಂದ ಬರೆಯುವ ಕೆಲವು ಆನ್‌ಲೈನ್ ಪರೀಕ್ಷೆಗಳ ಕಾವಲು ಸಾಫ್ಟ್‌ವೇರುಗಳು ವಿಂಡೋಸ್ ಮೇಲೆ ಮಾತ್ರ ಓಡುತ್ತವೆ, ಅದನ್ನೂ ವಿಚಾರಿಸಿ.

ಆಂಡ್ರಾಯ್ಡ್ ಬೇರಿನಿಂದ ಬಂದ ಮೆಷಿನ್ನುಗಳೂ ಇವೆ. 2023ರಲ್ಲಿ ಬಂದ 11.6 ಇಂಚಿನ ಜಿಯೋಬುಕ್ ಬರೀ 990 ಗ್ರಾಂ, ಸಿಮ್ ಹಾಕಬಹುದು, ಬಂದಾಗ ಬೆಲೆ 16,499 ರೂಪಾಯಿ. ಪ್ರೈಮ್‌ಬುಕ್ ಕೂಡ ಅದೇ ಜಾತಿ. ಒಳಗಿರುವುದು ಮೊಬೈಲ್ ಪ್ರೊಸೆಸರ್, ಜಿಯೋಬುಕ್ಕಿನಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ಹಗುರ ಅನ್ನೋದರಲ್ಲಿ ಎರಡು ಮಾತಿಲ್ಲ, ವೈಫೈ ಇಲ್ಲದ ಕಡೆ ಸಿಮ್ ಇರೋದು ದೊಡ್ಡ ಅನುಕೂಲ. ಆದರೆ ಕೀಬೋರ್ಡ್ ಇರೋ ದೊಡ್ಡ ಮೊಬೈಲ್ ಅಂತ ತಿಳಿದುಕೊಂಡೇ ತಗೊಳ್ಳಿ. ಲ್ಯಾಪ್‌ಟಾಪ್ ಅಂತ ತಗೊಂಡರೆ ಬೇಜಾರಾಗುತ್ತದೆ.

ಟ್ಯಾಬು ಮತ್ತು ಬ್ಲೂಟೂತ್ ಕೀಬೋರ್ಡು? ಓದೋಕೆ ಚೆನ್ನ. ತೊಡೆ ಮೇಲೆ ಇಟ್ಟು ಹತ್ತು ಪುಟ ಬರೆದು ನೋಡಿ, ಆಮೇಲೆ ಮಾತಾಡೋಣ.

ನುಡಿ ಕೆಡಿಸಿತು ಲೆಕ್ಕ

ಎಂಟು ಜಿಬಿಯ ಒಂದು ಕ್ರೋಮ್‌ಬುಕ್ ಆರ್ಡರ್ ಮಾಡುವ ಹೊತ್ತಿಗೆ ಸುಮ್ನೆ ಮಾತಿಗೆ, "ಖರ್ಚಿಗೆ ಏನು ಮಾಡ್ತಿದೀಯ ಪುಟ್ಟಾ?" ಅಂತ ಕೇಳಿದೆ. "ಚಂದ್ರಾ ಲೇಔಟಲ್ಲಿ ಒಂದು ಡಿಟಿಪಿ ಅಂಗಡಿಗೆ ಟೈಪ್ ಮಾಡಿ ಕೊಡ್ತೀನಿ ಮಾವ, ಪುಟಕ್ಕಿಷ್ಟು ಅಂತ." ಯಾವುದರಲ್ಲಿ ಅಂತ ಕೇಳಿದರೆ, "ನುಡೀಲಿ."

ಇಡೀ ದಿನ ನುಡಿ ಫೈಲುಗಳಲ್ಲೇ ಮುಳುಗಿರುವ ನಾನೇ ಇದನ್ನು ಕೇಳೋಕೆ ಮರೆತಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನುಡಿ ಅಂದರೆ ಕನ್ನಡ ಗಣಕ ಪರಿಷತ್ತಿನವರು ಮಾಡಿದ ಸಾಫ್ಟ್‌ವೇರ್. ಸರ್ಕಾರಿ ಕಚೇರಿ, ಪ್ರೆಸ್ಸು, ಡಿಟಿಪಿ ಅಂಗಡಿ, ಎಲ್ಲ ಕಡೆ ವರ್ಷಗಟ್ಟಲೆ ಅದರಲ್ಲೇ ಕೆಲಸ ನಡೆದಿದೆ. ಹಳೇ ನುಡಿ ಫೈಲುಗಳು ಯುನಿಕೋಡ್, ಅಂದರೆ ಈಗ ಎಲ್ಲ ಮೆಷಿನ್ನುಗಳೂ ಓದುವ ಅಕ್ಷರ ಸಂಕೇತ, ಅಲ್ಲ. ಫಾಂಟ್ ಇಲ್ಲದ ಮೆಷಿನ್ನಿನಲ್ಲಿ ತೆಗೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಬಂದ ಹಾಗೆ ಕಾಣುತ್ತದೆ. ಈ ಸಾಫ್ಟ್‌ವೇರ್ ಓಡುವುದು ವಿಂಡೋಸ್ ಮೇಲೆ. ಕ್ರೋಮ್‌ಬುಕ್ಕಿನಲ್ಲಿ ಇಲ್ಲ, ಆಂಡ್ರಾಯ್ಡ್‌ಬುಕ್ಕಿನಲ್ಲಿ ಇಲ್ಲ. ಹೊಸ ಅಗ್ಗದ ವಿಂಡೋಸ್ ಮೆಷಿನ್ನುಗಳಲ್ಲಿ ಕೂಡ ಕೆಲವು 'ಎಸ್ ಮೋಡ್'ನಲ್ಲಿ ಬರುತ್ತವೆ, ಮೈಕ್ರೋಸಾಫ್ಟ್ ಸ್ಟೋರಿನಿಂದ ಬಿಟ್ಟು ಬೇರೆ ಏನನ್ನೂ ಹಾಕೋಕೆ ಬಿಡೋದಿಲ್ಲ. ಅದರಿಂದ ಹೊರಗೆ ಬರೋದು ಪುಕ್ಕಟೆ, ಒಂದು ಸಲ ಬಂದರೆ ಆಯಿತು. ಗೊತ್ತಿಲ್ಲದವರು ಮೆಷಿನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಯುನಿಕೋಡಿನಲ್ಲಿ ಮಾತ್ರ ಬರೆಯುವವರಿಗೆ ಈ ಪಾಡು ಇಲ್ಲ. ವಿಂಡೋಸಿನಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ, ಲಿನಕ್ಸಿನಲ್ಲಿ ನುಡಿ ಥರದ್ದೇ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸ ಸಿಗುತ್ತದೆ.

ಎಸ್.ಪಿ. ರೋಡಿನ ದಾರಿ

ಕೊನೆಗೆ ಉಳಿದದ್ದು ರಿಫರ್ಬಿಷ್ಡ್. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ, ಒಂದು ಕಾಲಕ್ಕೆ ಬಹಳ ದುಬಾರಿಯಾಗಿದ್ದ 12–13 ಇಂಚಿನ ಆಫೀಸು ಲ್ಯಾಪ್‌ಟಾಪುಗಳು. ಇಷ್ಟು ಆಫೀಸು ಇರೋ ಊರಿನಲ್ಲಿ ಇವಕ್ಕೆ ಬರವಿಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಚಿಕ್ಕಪೇಟೆ ಅಥವಾ ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ನಡೆದು ಹೋಗಬಹುದು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಕಾರು ತಗೊಂಡು ಹೋದರೆ ನಿಮ್ಮ ಕರ್ಮ.

ಇಲ್ಲಿ ಒಂದೇ ಅಂಕಿ ನೆನಪಿಟ್ಟುಕೊಳ್ಳಿ, ಎಂಟು. ಇಂಟೆಲ್ ಎಂಟನೇ ತಲೆಮಾರಿನಿಂದ ಈಚೆಗಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುತ್ತದೆ. ಏಳನೆಯದಕ್ಕೆ ಒಂದೆರಡು ಬಿಟ್ಟರೆ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರೊಸೆಸರ್ ಹೆಸರಿನಲ್ಲಿ ಅಡ್ಡಗೆರೆ ಆದ ಮೇಲೆ ಮೊದಲ ಅಂಕಿ (ಹತ್ತನೇ ತಲೆಮಾರಿನಿಂದ ಈಚೆಗೆ ಮೊದಲ ಎರಡು ಅಂಕಿ) ನೋಡಿ: ಐ5-8350ಯು ಆದರೆ ಎಂಟನೆಯದು, ಐ5-7300ಯು ಆದರೆ ಏಳನೆಯದು. ಆರು, ಏಳನೆಯವು ಸಾಕಷ್ಟು ಅಗ್ಗಕ್ಕೆ ಸಿಗುತ್ತವೆ, ಅದರ ಮೇಲೆ ವಿಂಡೋಸ್ 11ನ್ನು ಹೇಗೋ ಕೂರಿಸಿ ಕೊಡುವವರೂ ಇದ್ದಾರೆ. ಲಿನಕ್ಸ್ ಹಾಕಿಕೊಳ್ಳುವ ಆಸಾಮಿ ನೀವಾದರೆ ಅವನ್ನು ಕಣ್ಣು ಮುಚ್ಚಿ ತಗೊಳ್ಳಿ. ಇಲ್ಲದಿದ್ದರೆ ಬೇಡ.

ಎಂಟನೇ ತಲೆಮಾರಿನಲ್ಲಿ ನಾವು ನೋಡಿದ್ದು ಮೂರು. ಡೆಲ್ ಲ್ಯಾಟಿಟ್ಯೂಡ್ 7290: 12.5 ಇಂಚು, ಸುಮಾರು 1.2 ಕೆಜಿ, ರ‍್ಯಾಮ್ ಸ್ಲಾಟ್ ಇದೆ, ಆದರೆ ನಮಗೆ ಸಿಕ್ಕಿದ್ದೆಲ್ಲ 1366 ಪರದೆಯವು. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್280: ಅದೂ 12.5 ಇಂಚು, ಇನ್ನೂ ತೆಳು, 1080 ಪರದೆಯದ್ದು ಸಿಕ್ಕಿತು, ಆದರೆ ರ‍್ಯಾಮ್ ಬೆಸುಗೆ, 8 ಅಂದರೆ ಕೊನೆತನಕ 8. ಎಚ್‌ಪಿ ಎಲೈಟ್‌ಬುಕ್ 830 ಜಿ5: ಎರಡು ರ‍್ಯಾಮ್ ಸ್ಲಾಟ್, 13.3 ಇಂಚು, ಪರದೆ ಚೆನ್ನಾಗಿದೆ, ತೂಕ 1.3 ಕೆಜಿ ದಾಟುತ್ತದೆ, ಬೆಲೆಯೂ ಮೇಲೆ. ಮೂರರಲ್ಲೂ ಎಸ್‌ಎಸ್‌ಡಿ ಬದಲಾಯಿಸಬಹುದು, ಮೂರೂ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತವೆ.

ಅಂಗಡಿಯಲ್ಲಿ ಏನು ನೋಡಬೇಕು ಅನ್ನೋದು ಮುಖ್ಯ. ನಾನು ಪೆನ್‌ಡ್ರೈವಿನಲ್ಲಿ ಒಂದು ಕನ್ನಡ ಪಿಡಿಎಫ್, ಒಂದು ಹಳೇ ನುಡಿ ಫೈಲ್, ಒಂದು ಪೂರ್ತಿ ಬಿಳಿ ಚಿತ್ರ, ಒಂದು ಪೂರ್ತಿ ಕಪ್ಪು ಚಿತ್ರ ಹಾಕಿಕೊಂಡು ಹೋಗಿದ್ದೆ. ಬಿಳಿ ಚಿತ್ರವನ್ನು ಪರದೆ ತುಂಬ ತೆಗೆದರೆ ಹಳದಿ ಕಲೆ, ಒತ್ತಿದ ಗುರುತು, ಸತ್ತ ಚುಕ್ಕಿ ಕಾಣುತ್ತವೆ. ಕಪ್ಪಿನಲ್ಲಿ ಆರದೇ ಉರಿಯುವ ಚುಕ್ಕಿ ಮತ್ತು ಅಂಚಿನಲ್ಲಿ ಸೋರುವ ಬೆಳಕು. ಕೀಬೋರ್ಡಿನ ಪ್ರತಿ ಕೀ ಒತ್ತಿ, ಒಂದನ್ನೂ ಬಿಡಬೇಡಿ, ಶಿಫ್ಟ್ ಎರಡೂ ಕಡೆ. ಪರದೆಯನ್ನು ಅರ್ಧ ತೆರೆದು ಬಿಟ್ಟು ನೋಡಿ, ಕೆಳಗೆ ಬಿದ್ದರೆ ಹಿಂಜ್ ಸಡಿಲ. ಆನ್ ಮಾಡುವಾಗ ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟದ, ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಹಳೇ ಕಂಪನಿಯವರ ಬೀಗ ಇನ್ನೂ ಇದೆ ಅಂತ ಅರ್ಥ, ಎದ್ದು ಬನ್ನಿ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಪುಟದಲ್ಲಿ ರ‍್ಯಾಮ್ ಎಷ್ಟಿದೆ, ಸ್ಲಾಟ್ ಎಷ್ಟಿದೆ ಅಂತ ಇರುತ್ತದೆ. ಫೋನಿನ ಹಾಟ್‌ಸ್ಪಾಟಿಗೆ ವೈಫೈ ಸೇರಿಸಿ, ಕ್ಯಾಮೆರಾ ತೆಗೆಯಿರಿ, ಹಾಡು ಹಾಕಿ.

ಬ್ಯಾಟರಿಗೆ ವಿಂಡೋಸ್ ಒಳಗೇ ಒಂದು ರಿಪೋರ್ಟ್ ತೆಗೆಯಬಹುದು, ಅಂಗಡಿಯವರಿಗೆ ಗೊತ್ತಿರುತ್ತದೆ, 'ಬ್ಯಾಟರಿ ರಿಪೋರ್ಟ್ ತೆಗೀರಿ' ಅಂದರೆ ಸಾಕು. ಅದರಲ್ಲಿ ಹೊಸತಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ ಅಂತ ಎರಡು ಅಂಕಿ ಇರುತ್ತವೆ. ನಾವು ನೋಡಿದ ಒಂದು ಮೆಷಿನ್ನಿನಲ್ಲಿ 48 ವಾಟ್-ಅವರ್ ಇರಬೇಕಾದ ಕಡೆ 26 ಇತ್ತು. ಮಾರುವ ಹುಡುಗ, "ಸರ್, ಮೂರು ಗಂಟೆ ಆರಾಮಾಗಿ ಬರುತ್ತೆ" ಅಂದ. ಅಕ್ಕನ ಮಗಳು, "ಅಣ್ಣ, ಲೈಬ್ರರೀಲಿ ಪ್ಲಗ್ ಪಾಯಿಂಟ್ ಪಕ್ಕದ ಸೀಟು ಸಿಗಬೇಕಂದ್ರೆ ನಾನು ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಕ್ಯೂ ನಿಲ್ಲಬೇಕು, ನೀವು ಬಂದು ನಿಲ್ತೀರಾ?" ಅಂದಳು. ಅವನು ನಗುತ್ತಾ ಇನ್ನೊಂದನ್ನು ಒಳಗಿಂದ ತಂದ, ಅದರಲ್ಲಿ 41 ಇತ್ತು.

ಕೊನೆಯಲ್ಲಿ ನಮ್ಮಿಬ್ಬರಿಗೂ ಜಟಾಪಟಿ. ಬೆಸುಗೆ ಬೇಡ, ಸ್ಲಾಟ್ ಇರೋ ಡೆಲ್ ತಗೋ ಅಂತ ನಾನು. "ಮಾವ, ನೀವೇ ಹೇಳಿದ್ರಲ್ಲ ಬದಲಾಯಿಸೋಕಾಗದ್ದನ್ನು ಮೊದಲು ನೋಡು ಅಂತ. ಪರದೇನೂ ಸುಲಭಕ್ಕೆ ಬದಲಾಯಿಸೋಕಾಗಲ್ಲ. ರ‍್ಯಾಮ್ ಎಂಟು ನಂಗೆ ಸಾಕು, ಒತ್ತಕ್ಷರ ಕಾಣದಿದ್ರೆ ಸಾಲಲ್ಲ" ಅಂತ ಅವಳು. ನನ್ನ ಮಾತು ನನಗೇ ತಿರುಗಿ ಬಂತು. ಅವಳು ಮಾಡುವ ಕೆಲಸಕ್ಕೆ ಅವಳು ಹೇಳಿದ್ದೇ ಸರಿ. ನಾನಾಗಿದ್ದರೆ, ಇಪ್ಪತ್ತು ಟ್ಯಾಬ್ ತೆಗೆದಿಟ್ಟುಕೊಂಡು ಕೂರುವವನಾಗಿ, ಡೆಲ್ಲನ್ನೇ ತಗೊಂಡು ರ‍್ಯಾಮ್ 16 ಮಾಡಿಸುತ್ತಿದ್ದೆ.

ರಿಫರ್ಬಿಷ್ಡ್ ಎಲ್ಲರಿಗೂ ಅಲ್ಲ ಅನ್ನೋದನ್ನೂ ಹೇಳಬೇಕು. ಕಂಪನಿ ವಾರಂಟಿ ಇರೋದಿಲ್ಲ, ಅಂಗಡಿಯವರದ್ದು ಕೆಲವೇ ತಿಂಗಳು, ಅದನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಬಿಲ್ಲಿಲ್ಲದೆ ಇಷ್ಟು, ಬಿಲ್ಲಿದ್ದರೆ ಇಷ್ಟು ಅಂತ ಎರಡು ಬೆಲೆ ಹೇಳಿದರೆ ಬಿಲ್ಲಿನ ಜೊತೆಗೇ ತಗೊಳ್ಳಿ, ಸೀರಿಯಲ್ ನಂಬರ್ ಅದರಲ್ಲಿ ಇರಲಿ. ಊರಲ್ಲಿರುವ ಅಪ್ಪ ಅಮ್ಮನಿಗೆ, ಎಸ್.ಪಿ. ರೋಡಿಗೆ ಎರಡನೇ ಸಲ ಬರೋಕಾಗದವರಿಗೆ, ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಎಂಟು ಜಿಬಿ ಕ್ರೋಮ್‌ಬುಕ್ಕೇ ಸರಿ.

ಅವಳ ಎಕ್ಸ್280 ಇಪ್ಪತ್ತು ಸಾವಿರದೊಳಗೇ ಮುಗಿಯಿತು. ಬರುವಾಗ ಮತ್ತೆ ಅದೇ ದಿನಸಿ ಅಂಗಡಿ, ಅದೇ ತಕ್ಕಡಿ. ಮೆಷಿನ್ 1.2 ಕೆಜಿಗೆ ಒಂದು ಚೂರು ಕಮ್ಮಿ, ಚಾರ್ಜರ್ ಸೇರಿದರೆ ಒಂದೂವರೆಯ ಒಳಗೆ. ಮೊನ್ನೆ ಸಿಕ್ಕಿದಾಗ ಬ್ಯಾಗ್ ಎತ್ತಿ ನೋಡಿದೆ, ಅಷ್ಟೇ ಭಾರ ಇತ್ತು. ಜಾಗ ಖಾಲಿಯಾಯಿತಲ್ಲ ಅಂತ ಇನ್ನೊಂದು ದಪ್ಪ ಪುಸ್ತಕ ತುರುಕಿದ್ದಾಳೆ.